ಎದುರಾಳಿಗಳ ಕಡೆಯ ಕುರ್ಚಿ

ಬೇಸ್‌ಬಾಲ್ ಮೈದಾನದಲ್ಲಿ ನಮ್ಮ ಹುಡುಗರು ಕೂರುವ ಚಾವಣಿ ಹಾಕಿದ ತಗ್ಗು, ಅಂದರೆ ಡಗ್‌ಔಟ್, ಇರುವುದು ಮೂರನೇ ಬೇಸಿನ ಕಡೆ. ಊರಿನವರೆಲ್ಲ ಹೋಗಿ ಅದರ ನೆತ್ತಿಯ ಮೇಲೆಯೇ ಕೂರುತ್ತಾರೆ, ತಮ್ಮವರಿಗೆ ಹತ್ತಿರವಿದ್ದೇವೆ ಎಂಬ ಸಂತೋಷಕ್ಕೆ. ಹತ್ತಿರವೇನೋ ನಿಜ. ಆದರೆ ಚಾವಣಿ ಹತ್ತಿ ಕೂತವರಿಗೆ ಮನೆಯೊಳಗೆ ಏನು ನಡೆಯುತ್ತಿದೆ ಎಂದು ಹೇಗೆ ಕಾಣಬೇಕು? ಅದಕ್ಕೇ ನಾನು ಎದುರಾಳಿಗಳ ಕಡೆ, ಮೊದಲನೇ ಬೇಸಿನ ಹಿಂದೆ ಕೂರುತ್ತೇನೆ. ಅಲ್ಲಿಂದ ನಮ್ಮವರ ಬೆಂಚು ಈ ತುದಿಯಿಂದ ಆ ತುದಿಯವರೆಗೆ ಕಾಣುತ್ತದೆ. ಯಾರು ಯಾರ ಪಕ್ಕ ಕೂತ, ಯಾರು ಮುಖ ಊದಿಸಿಕೊಂಡ, ಕೋಚ್ ಯಾರ ಹೆಗಲ ಮೇಲೆ ಕೈ ಹಾಕಿದ, ಯಾವುದೂ ತಪ್ಪಿಹೋಗುವುದಿಲ್ಲ.

ಇದನ್ನೆಲ್ಲ ನೋಡಿ ನಾನು ಬ್ಲಾಗ್ ಬರೆಯುತ್ತೇನೆ. ನಮ್ಮ ಕೋಲ್ಟನ್ ಊರಿನ ತಂಡದ ಹೆಸರು ಕೊಕ್ಕರೆಗಳು. ಇದು ದೊಡ್ಡ ತಂಡವಲ್ಲ, ದೊಡ್ಡ ತಂಡದ ಕೆಳಗಿನ ತಂಡ. ನಗರದವರು ಮುಂದೆ ಬೆಳೆದಾರು ಎಂದು ಆರಿಸಿದ ಹುಡುಗರನ್ನು ನಮ್ಮಲ್ಲಿ ಹಣ್ಣಾಗಲು ಇಡುತ್ತಾರೆ. ಹತ್ತರಲ್ಲಿ ಒಬ್ಬ ಹಣ್ಣಾದರೆ ಪುಣ್ಯ, ಉಳಿದವರು ಕಾಯಾಗಿಯೇ ಉದುರುತ್ತಾರೆ. ಯಾರು ಹಣ್ಣಾಗುತ್ತಿದ್ದಾನೆ ಎಂದು ತಿಳಿಯಲು ನಗರದ ಅಭಿಮಾನಿಗಳಿಗೆ ಬಲು ಆತುರ. ನಗರದ ಪತ್ರಿಕೆಯವರು ಇಲ್ಲಿಗೆ ತಲೆ ಹಾಕುವುದಿಲ್ಲ, ಆದ್ದರಿಂದ ಅವರು ನನ್ನನ್ನು ಓದುತ್ತಾರೆ. ಸಲೂನ್ ನಡೆಸಿಕೊಂಡು ಅರ್ಧ ಆಯುಷ್ಯ ಜನರ ಬೆನ್ನ ಹಿಂದೆ ನಿಂತು ಕೂದಲು ಕತ್ತರಿಸಿದವಳು ನಾನು. ಬಾಯಿ ಎಷ್ಟೇ ಸುಳ್ಳು ಹೇಳಲಿ, ಹೆಗಲು ಹೇಳುವುದಿಲ್ಲ ಎಂಬುದು ನನಗೆ ಗೊತ್ತು.

ಅದು ಜುಲೈ ಕೊನೆಯ ಭಾನುವಾರ. ತಂಡಗಳು ಆಟಗಾರರನ್ನು ಕೊಟ್ಟು ತೆಗೆದುಕೊಳ್ಳಲು ಆ ತಿಂಗಳ ಕೊನೆಯೇ ಗಡುವು. ಆ ವಾರ ನನ್ನಂಥವರೆಲ್ಲ ಚೆಂಡನ್ನು ಬಿಟ್ಟು ಡಗ್‌ಔಟನ್ನೇ ನೋಡುತ್ತಿರುತ್ತೇವೆ. ಆಟದ ನಡುವೆ ಹುಡುಗನೊಬ್ಬನನ್ನು ಒಳಗೆ ಕರೆದು ಉಳಿದವರು ಸಾಲಾಗಿ ಅಪ್ಪಿಕೊಂಡರೆ, ಅವನು ಇನ್ನೊಂದು ತಂಡದ ಪಾಲಾದ ಎಂದೇ ತಿಳಿಯಬೇಕು. ಮಾಲೀಕರು ಬಾಯಿ ಬಿಡುವ ಮೊದಲೇ ಅಪ್ಪುಗೆ ಬಾಯಿ ಬಿಟ್ಟಿರುತ್ತದೆ. ಅದನ್ನು ಮೊದಲು ಕಂಡು ಮೊದಲು ಬರೆದವರದೇ ದೊಡ್ಡಸ್ತಿಕೆ. ಮೇಲೆ ಪತ್ರಕರ್ತರ ಗೂಡಿನಲ್ಲಿ ತಣ್ಣಗೆ ಕೂತು ನಮ್ಮೂರ ಪತ್ರಿಕೆಗೆ ಬರೆಯುವ ಲಾನಿಂಗ್ ಎಂಬ ಪಡ್ಡೆಗೂ ನನಗೂ ಈ ವಿಷಯದಲ್ಲಿ ಹಾವು ಮುಂಗುಸಿ.

"ಏನೇ ಇನೆಜ್, ಇವತ್ತು ಯಾರು ಯಾರನ್ನ ಅಪ್ಕೊಂಡ್ರು?" ಎಂದು ನನ್ನ ಗಂಡ ಆರ್ಲೋ ಕೈಯಲ್ಲಿ ಎರಡು ಸಾಸೇಜ್ ಬನ್ನು ಹಿಡಿದು ಬಂದು ಕೂತ. "ನಲವತ್ತು ವರ್ಷದಿಂದ ಪಕ್ಕದಲ್ಲೇ ಕೂತಿದೀನಿ, ನನ್ನನ್ನ ಒಂದಿನ ಹೀಗೆ ಕಣ್ಣು ಬಿಟ್ಕೊಂಡು ನೋಡಿದ್ದು ಕಾಣೆ."

"ನಿನ್ನನ್ನ ಯಾವ ತಂಡದವ್ರು ಕೇಳಿದಾರೆ ಹೇಳು, ನೋಡ್ತೀನಿ," ಎಂದೆ.

ನಮ್ಮ ಸಾಲಿನಲ್ಲೇ, ನನ್ನ ಪಕ್ಕದ ಕುರ್ಚಿಯಲ್ಲಿ ಐವತ್ತು ದಾಟಿದ ಹೆಂಗಸೊಬ್ಬಳು ಕೂತಿದ್ದಳು. ತಲೆಯ ಮೇಲೆ ಎದುರಾಳಿ ತಂಡದ ಹೊಚ್ಚಹೊಸ ಟೋಪಿ. ಬೆಲೆಚೀಟಿಯ ದಾರವನ್ನೂ ಕಿತ್ತಿರಲಿಲ್ಲ. ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡಿದ್ದಳು. ಅವಳ ನಡವಳಿಕೆ ಮಾತ್ರ ವಿಚಿತ್ರವಾಗಿತ್ತು. ಚೆಂಡು ಎಸೆಯುವ ನಮ್ಮ ಪಿಚರ್ ಟೋಬಿಯಸ್ ರೆನ್‌ಫ್ರೋ ಎದುರಾಳಿಯೊಬ್ಬನನ್ನು ಔಟ್ ಮಾಡಿದರೆ ಇವಳು ಚಪ್ಪಾಳೆ ತಟ್ಟುತ್ತಿದ್ದಳು, ತಟ್ಟಿದ ಮೇಲೆ ಬೆಚ್ಚಿ ಕೈಯನ್ನು ತೊಡೆಯಡಿ ಇಟ್ಟುಕೊಳ್ಳುತ್ತಿದ್ದಳು.

ಆರ್ಲೋಗೆ ಸುಮ್ಮನಿರಲು ಬರುವುದಿಲ್ಲ. "ತಾಯೀ, ಔಟ್ ಆಗಿದ್ದು ನಿಮ್ಮವನು. ಚಪ್ಪಾಳೆ ನಮ್ದು," ಎಂದ.

"ಎಸೆತ ಚೆನ್ನಾಗಿತ್ತಲ್ಲ, ಅದಕ್ಕೆ," ಎಂದು ಅವಳು ಕೆಂಪಾದಳು.

ನಾನು ಅವಳ ಕಣ್ಣನ್ನು ನೋಡಿದೆ. ಚೆಂಡು ಹೊರಟ ಮೇಲೆ ಎಲ್ಲರ ಕಣ್ಣು ಬ್ಯಾಟಿನ ಕಡೆ ಓಡುತ್ತದೆ. ಇವಳ ಕಣ್ಣು ಚೆಂಡು ಬಿಟ್ಟ ಕೈಯ ಮೇಲೆಯೇ ನಿಂತಿರುತ್ತಿತ್ತು. ಹಾಗೆ ನೋಡುವವರು ಇಬ್ಬರೇ, ಡಾಕ್ಟರು ಮತ್ತು ಹೆತ್ತವಳು. ಇವಳು ಡಾಕ್ಟರಂತೆ ಕಾಣಲಿಲ್ಲ.

"ನೀವು ಟೋಬಿಯಸ್‌ನ ಅಮ್ಮ ಅಲ್ವಾ?" ಎಂದು ಕೇಳಿಯೇಬಿಟ್ಟೆ.

ಅವಳು ನನ್ನ ತೋಳು ಹಿಡಿದಳು. "ಮೆಲ್ಲಗೆ ಅನ್ರೀ! ನಾನು ಬಂದಿರೋದು ಅವ್ನಿಗೆ ಗೊತ್ತಿಲ್ಲ." ಆಮೇಲೆ ನನ್ನ ಕೈಯಲ್ಲಿದ್ದ ಫೋನನ್ನೂ ನನ್ನ ಮುಖವನ್ನೂ ನೋಡಿದಳು. "ಇನೆಜ್ ಅಂದ್ರಲ್ಲ ಇವ್ರು. ಬ್ಲಾಗ್ ಬರೆಯೋ ಇನೆಜ್ ಹಾಲ್ವರ್ಸನ್ ನೀವೇನಾ? ನಾನು ಡರ್ಲೀನ್. ನಾವು ನಿಮ್ಮನ್ನ ಒಂದಕ್ಷರ ಬಿಡದೆ ಓದ್ತೀವಿ. ಮಗನನ್ನ ಕೇಳಿದ್ರೆ 'ಚೆನ್ನಾಗಿದೀನಮ್ಮ' ಅನ್ನೋದು ಬಿಟ್ಟು ಬೇರೆ ಮಾತು ಬರಲ್ಲ. ಅವ್ನು ಏನು ಮಾಡ್ತಿದಾನೆ ಅಂತ ನಮಗೆ ಗೊತ್ತಾಗೋದೇ ನಿಮ್ಮಿಂದ."

ಹೊಗಳಿದರೆ ಯಾರಿಗೆ ಬೇಡ? ಆದರೆ ಮಗನ ಆಟ ನೋಡಲು ಬಂದವಳು ಕಳ್ಳಿಯ ಹಾಗೆ ಎದುರಾಳಿಗಳ ನಡುವೆ ಕೂರುವುದೇಕೆ ಎಂದು ಕೇಳಿದೆ.

ಮಗ ಇನ್ನೆರಡು ಚೆಂಡು ಎಸೆಯುವವರೆಗೆ ಡರ್ಲೀನ್ ಕಾದಳು. "ಹೋದ ವರ್ಷ ಅವ್ನ ಮೊಣಕೈ ನರ ಹರೀತಲ್ಲ, ಆ ದಿನ ನಾನು ಇಲ್ಲೇ ಇದ್ದೆ. ಅಗೋ ಅಲ್ಲಿ, ಅವ್ರ ತಲೆ ಮೇಲೇ ಕೂತಿದ್ದೆ. ಮಿಸ್ಸೌರಿಯಿಂದ ಗಾಡಿ ಓಡಿಸ್ಕೊಂಡು ಬಂದಿದ್ದೆ. ಅವ್ನು ನನ್ನನ್ನ ನೋಡಿ ಟೋಪಿ ಎತ್ತಿದ. ಆಮೇಲೆ ಶುರು ಮಾಡ್ದ ನೋಡಿ, ಅಮ್ಮ ಬಂದಿದಾಳೆ ಅಂತ ಇರೋ ಬರೋ ಬಲ ಎಲ್ಲಾ ಹಾಕಿ ಎಸೆಯೋಕೆ. ನಾಲ್ಕೇ ಎಸೆತ. ಕೈ ಹಿಡ್ಕೊಂಡು ಕೂತ್ಬಿಟ್ಟ. ನಾನು ಬರದೇ ಇದ್ದಿದ್ರೆ ಅವ್ನು ಹಾಗೆ ಎಸೀತಿರ್ಲಿಲ್ಲ. ನನ್ನಿಂದ್ಲೇ ಆಗಿದ್ದು."

ಆ ದಿನ ನನಗೂ ನೆನಪಿತ್ತು. ಹರಿದ ಮೊಣಕೈಗೆ ಮುಂಗೈಯಿಂದ ನರ ತೆಗೆದು ಹೊಲಿದಿದ್ದರು. ಅದು ಕೂಡಿಕೊಳ್ಳಲು ಒಂದು ವರ್ಷವೇ ಹಿಡಿಯಿತು. ಈಗ ಅವನು ಮರಳಿ ಬಂದು ಆಡುತ್ತಿರುವುದು ಇದು ಮೂರನೇ ಆಟ.

"ಮತ್ತೆ ಇವತ್ತು ಯಾಕೆ ಬಂದ್ರಿ?"

"ನೀವೇ ಬರೆದಿದ್ರಲ್ಲ ಮೊನ್ನೆ, ಇನ್ನೊಂದ್ಸಲ ಆ ಕೈಗೆ ಏನಾದ್ರೂ ಆದ್ರೆ ತಂಡ ಅವ್ನನ್ನ ಇಟ್ಕೊಳಲ್ಲ, ಅವ್ನ ಆಟ ಅಲ್ಲಿಗೆ ಮುಗೀತು ಅಂತ. ಅದನ್ನ ಓದಿದ್ಮೇಲೆ ಮನೇಲಿ ಕೂರೋಕೆ ಆಗ್ಲಿಲ್ಲ. ಅವ್ನ ಕಣ್ಣಿಗೆ ಬೀಳ್ದಿದ್ರೆ ಏನೂ ಆಗಲ್ಲ ಅಂದ್ಕೊಂಡು ಈ ಟೋಪಿ ತಗೊಂಡೆ."

ನಾನು ಬರೆದದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಬರೆದ ಮಾತು ಹೆತ್ತವಳ ಬಾಯಿಂದ ಮರಳಿ ಕಿವಿಗೆ ಬಿದ್ದಾಗ ಅದರ ರುಚಿಯೇ ಬೇರೆ. ಆರ್ಲೋ ತನ್ನ ಎರಡನೇ ಬನ್ನನ್ನು ಅವಳ ಕೈಗಿಟ್ಟ. ಅವನು ಅದನ್ನು ಇನ್ನೊಬ್ಬರಿಗೆ ಕೊಟ್ಟದ್ದನ್ನು ನಾನು ಕಂಡಿದ್ದು ಅದೇ ಮೊದಲು.

ಮೊದಲ ಮೂರು ಇನ್ನಿಂಗ್ಸ್ ಟೋಬಿಯಸ್ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಆಡಿದ. ಡರ್ಲೀನ್ ಬನ್ನು ತಿನ್ನಲೇ ಇಲ್ಲ, ಅದನ್ನು ಹಿಡಿದುಕೊಂಡೇ ಕೂತಿದ್ದಳು. ನಾಲ್ಕನೆಯದರಲ್ಲಿ ಒಬ್ಬ ಔಟ್ ಆದ. ಎರಡನೆಯವನಿಗೆ ಒಂದು ಚೆಂಡು ಎಸೆದು ಟೋಬಿಯಸ್ ಬಲಗೈಯನ್ನು ಕೊಡವಿದ. ಬೆವರು ಕೊಡವಿದ್ದಿರಬಹುದು. ಜುಲೈನಲ್ಲಿ ನಮ್ಮೂರಿನಲ್ಲಿ ಗಾಳಿಯೇ ಬೆವರುತ್ತದೆ. ಆದರೆ ಅದೇ ಹೊತ್ತಿಗೆ ಮುಖ್ಯ ಕೋಚ್ ಕ್ರೌಡರ್ ಡಗ್‌ಔಟಿನಿಂದ ಹೊರಬಂದ. ಅವನ ಬೆನ್ನಿಗೇ ತಂಡದ ವೈದ್ಯನೂ ಬಂದ.

ಪಿಚರ್‌ನ ಬಳಿಗೆ ಕೋಚ್ ಒಬ್ಬನೇ ನಡೆದರೆ ಬುದ್ಧಿವಾದ. ವೈದ್ಯನನ್ನು ಕರೆದುಕೊಂಡು ನಡೆದರೆ ಕೇಡು. ಬೇರೆ ಪಿಚರ್ ಯಾರಾದರೂ ಮೈ ಬಿಸಿ ಮಾಡಿಕೊಳ್ಳುತ್ತಿದ್ದಾನೆಯೇ ಎಂದು ಮೈದಾನದ ಅಂಚಿಗೆ ಕಣ್ಣು ಹಾಯಿಸಿದೆ. ಯಾರೂ ಇರಲಿಲ್ಲ. ಮೊದಲೇ ಗೊತ್ತಿದ್ದ ಬದಲಾವಣೆಯಾದರೆ ಯಾರಾದರೂ ತಯಾರಿರುತ್ತಿದ್ದರು. ವೈದ್ಯ ಟೋಬಿಯಸ್‌ನ ಮೊಣಕೈಯನ್ನು ಎರಡೂ ಕೈಯಲ್ಲಿ ಹಿಡಿದು ಮಡಿಸಿ ನೋಡಿದ. ಕ್ರೌಡರ್ ಅಂಪೈರಿನ ಕಡೆ ತಿರುಗಿ ತನ್ನದೇ ಮೊಣಕೈ ತಟ್ಟಿ ತೋರಿಸಿದ.

"ಹೋಯ್ತು," ಎಂದಳು ಡರ್ಲೀನ್. ಅವಳ ದನಿಯಲ್ಲಿ ಅಳುವೂ ಇರಲಿಲ್ಲ. "ನಾನು ಬರ್ಬಾರ್ದಿತ್ತು. ಎಲ್ಲಿ ಕೂತ್ರೇನು, ನಾನು ಬರ್ಲೇಬಾರ್ದಿತ್ತು."

ನನ್ನ ಬೆರಳು ಆಗಲೇ ಫೋನಿನ ಮೇಲಿತ್ತು. 'ಟೋಬಿಯಸ್ ಹೊರಕ್ಕೆ. ಮತ್ತೆ ಮೊಣಕೈ' ಎಂದು ಹೊಡೆದಾಗಿತ್ತು. ಒಂದು ಗುಂಡಿ ಒತ್ತಿದರೆ ಸಾಕು. ಅವಳ ಕೈ ಬಂದು ಫೋನಿನ ಮೇಲೆ ಕೂತಿತು.

"ಬೇಡ. ಅವ್ನಪ್ಪ ಹಸು ಬಿಟ್ಟು ಬರೋಕಾಗ್ದೆ ಮನೇಲಿದಾನೆ. ಹಾಲು ಕರೆಯೋ ಕೊಟ್ಟಿಗೇಲಿ ನಿಮ್ಮ ಬ್ಲಾಗ್ ಹಿಡ್ಕೊಂಡು ಕೂತಿರ್ತಾನೆ. ನಾನೇ ಫೋನ್ ಮಾಡಿ ಹೇಳ್ತೀನಿ. ನಿಮ್ಮಿಂದ ಗೊತ್ತಾಗೋದು ಬೇಡ."

ಇದ್ದದ್ದು ಇದ್ದಂತೆ ಹೇಳುತ್ತೇನೆ, ನನಗೆ ರೇಗಿತು. ಮೇಲೆ ಗೂಡಿನಲ್ಲಿ ಆ ಲಾನಿಂಗ್ ಇಷ್ಟು ಹೊತ್ತಿಗೆ ಬರೆದು ಮುಗಿಸಿರುತ್ತಾನೆ, ನಾನಿಲ್ಲಿ ಕೈ ಕಟ್ಟಿಸಿಕೊಂಡು ಕೂತಿದ್ದೇನೆ ಎಂದು. ಆದರೆ ಆ ಕೈ ಫೋನಿನ ಮೇಲಿಂದ ಕದಲಲಿಲ್ಲ. ಅದನ್ನು ತಳ್ಳುವಷ್ಟು ಕಲ್ಲು ನಾನಲ್ಲ. ಫೋನನ್ನು ಬ್ಯಾಗಿಗೆ ಹಾಕಿ, ಮಾಡಲು ಬೇರೆ ಕೆಲಸವಿಲ್ಲದೆ ಎದುರಿನ ಡಗ್‌ಔಟನ್ನು ನೋಡಿದೆ.

ಟೋಬಿಯಸ್ ಮೆಟ್ಟಿಲಿಳಿದು ಒಳಗೆ ಬಂದ. ಕೈ ಹೋದವನು ಒಳಗೆ ಬಂದಾಗ ಏನಾಗುತ್ತದೆ ಎಂದು ನಾನು ಎಷ್ಟೋ ಸಲ ನೋಡಿದ್ದೇನೆ. ಉಳಿದವರು ನೆಲ ನೋಡುತ್ತಾರೆ, ದಾರಿ ಬಿಡುತ್ತಾರೆ. ಅವನು ಯಾರ ಮುಖವನ್ನೂ ನೋಡದೆ ಒಳಕೋಣೆಗೆ ಹೋಗಿಬಿಡುತ್ತಾನೆ. ಇವನು ಹೋಗಲಿಲ್ಲ. ಅಲ್ಲಿದ್ದ ಸಹಾಯಕ ಕೋಚ್ ಅವನ ಕಿವಿಯಲ್ಲಿ ಏನೋ ಹೇಳಿದ. ಟೋಬಿಯಸ್ ಟೋಪಿ ತೆಗೆದು ತಲೆ ಕೆರೆದುಕೊಂಡ. ಬೆಂಚಿನಿಂದ ಕಡ್ಡಿಯಂಥ ಒಬ್ಬ ಎದ್ದು ಬಂದು ಅವನನ್ನು ಬಾಚಿ ಅಪ್ಪಿಕೊಂಡ. ಅವನ ಹಿಂದೆ ಇನ್ನೊಬ್ಬ ಬಂದ, ಆಮೇಲೆ ಬೆಂಚಿಗೆ ಬೆಂಚೇ ಎದ್ದು ನಿಂತಿತು. ಕೊನೆಗೆ ಆ ವೈದ್ಯನೇ ಬಂದು ಟೋಬಿಯಸ್‌ನ ಬಲಗೈ ಹಿಡಿದು ಬೋರಿನ ಪಂಪು ಹೊಡೆದಂತೆ ಕುಲುಕಿದ. ಅದೇ ಬಲಗೈಯನ್ನು.

"ಡರ್ಲೀನ್, ಅಲ್ಲಿ ನೋಡಿ," ಎಂದೆ.

"ನನ್ನಿಂದ ಆಗಲ್ಲ."

"ಕಣ್ಣು ಬಿಡ್ರೀ ಅಂದ್ರೆ! ಅಪ್ಕೊಳ್ತಿದಾರೆ!"

ಅವಳು ಬೆರಳ ಸಂದಿಯಿಂದ ನೋಡಿದಳು. "ಸಮಾಧಾನ ಮಾಡ್ತಿದಾರೆ, ಪಾಪ. ಒಳ್ಳೇ ಹುಡುಗ್ರು."

"ಎಂಥಾ ಸಮಾಧಾನ! ಕೈ ಹೋದವನನ್ನ ಯಾರೂ ಅಪ್ಕೊಳಲ್ಲ ಕಣ್ರೀ, ಅಂಟುರೋಗ ಬಂದವ್ನ ಹಾಗೆ ದೂರ ಸರೀತಾರೆ. ಮುಟ್ಟಿದ್ರೆ ತಮಗೂ ಬಂದೀತು ಅನ್ನೋ ಭಯ ಅವ್ರಿಗೆ. ಈ ವಾರ ಅಪ್ಕೊಂಡ್ರು ಅಂದ್ರೆ ಅವ್ನು ಹೊರಟ ಅಂತ. ಇನ್ನೊಂದು ತಂಡದವ್ರು ಕೇಳಿ ತಗೊಂಡಿದಾರೆ ನಿಮ್ಮ ಮಗನನ್ನ!"

"ಕೈ?" ಎಂದಳು. ಅವಳಿಗೆ ತಂಡಗಿಂಡ ಬೇಕಾಗಿರಲಿಲ್ಲ.

"ಮುರಿದ ಕೈನ ಯಾರಾದ್ರೂ ಕೇಳಿ ತಗೋತಾರಾ? ಅವ್ರ ಡಾಕ್ಟರು ಆ ಮೊಣಕೈನ ಒಳಗೆ ಹೊರಗೆಲ್ಲಾ ನೋಡಿ ಹೂಂ ಅನ್ನೋವರೆಗೆ ಒಂದು ಸಹೀನೂ ಬೀಳಲ್ಲ. ಬೇಕಾದ್ರೆ ಆರ್ಲೋನ ಕೇಳಿ."

"ಮದುವೆ ಗಂಡನ್ನೂ ಅಷ್ಟು ನೋಡಲ್ಲಮ್ಮ," ಎಂದ ಆರ್ಲೋ. "ನೋಡಿದ್ದಿದ್ರೆ ಇವ್ಳು ನನ್ನನ್ನ ತಗೋತಿರ್ಲಿಲ್ಲ."

"ಹಾಗಾದ್ರೆ ಆ ವೈದ್ಯ ಯಾಕೆ ಬಂದ? ಕೈ ಯಾಕೆ ಮಡಿಸಿ ನೋಡ್ದ?"

ಅದೇ ನನಗೂ ಬಗೆಹರಿದಿರಲಿಲ್ಲ. ಆಗ ಮೈದಾನದ ಕಡೆ ನೋಡಿದೆ. ಬದಲಿ ಪಿಚರ್ ಬಂದು ತೋಟದಲ್ಲಿ ಅಡ್ಡಾಡುವವನ ಹಾಗೆ ಆರಾಮಾಗಿ ಚೆಂಡು ಎಸೆಯುತ್ತಿದ್ದ. ಹತ್ತಾಯಿತು, ಹದಿನೈದಾಯಿತು, ಅಂಪೈರ್ ತುಟಿ ಬಿಚ್ಚಲಿಲ್ಲ. ನನಗೆ ಥಟ್ಟನೆ ಹೊಳೆಯಿತು. ಸುಮ್ಮನೆ ಪಿಚರನ್ನು ಬದಲಿಸಿದರೆ ಹೊಸಬನಿಗೆ ಮೈ ಬಿಸಿ ಮಾಡಿಕೊಳ್ಳಲು ಸಿಗುವುದು ಬೆರಳೆಣಿಕೆಯ ಎಸೆತ. ಮೊದಲಿನವನಿಗೆ ಪೆಟ್ಟಾಗಿದೆ ಎಂದರೆ ಬೇಕಾದಷ್ಟು ಹೊತ್ತು ಸಿಗುತ್ತದೆ. ನಗರದ ದೊಡ್ಡ ತಂಡದಿಂದ ಫೋನು ಬಂದಿರಬೇಕು, 'ಆ ಹುಡುಗ ಇನ್ನು ನಮ್ಮವನಲ್ಲ, ಈಗಲೇ ಹೊರಗೆ ತೆಗೆ' ಎಂದು. ಇಲ್ಲಿ ನೋಡಿದರೆ ಬದಲಿಗೆ ಯಾರೂ ತಯಾರಿಲ್ಲ. ಮುದುಕ ಕ್ರೌಡರ್ ನಾಟಕ ಕಟ್ಟಿದ್ದ. ವೈದ್ಯನಿಗೂ ಅದರಲ್ಲೊಂದು ಪಾತ್ರ ಕೊಟ್ಟು ಕರೆತಂದಿದ್ದ.

"ಕಳ್ಳ ಮುಂಡೇದು!" ಎಂದು ನಾನು ಎದ್ದು ನಿಂತು ಕೂಗಿದೆ. ಸಲೂನಿನಲ್ಲಿ ಅವನ ಕೂದಲನ್ನು ಎಷ್ಟು ವರ್ಷ ನಾನೇ ಕತ್ತರಿಸಿದ್ದೆ. ಒಂದು ದಿನ ಒಂದು ಕಿವಿಯನ್ನೂ ಸೇರಿಸಿ ಕತ್ತರಿಸಬೇಕಿತ್ತು. ವಿಷಯ ಹೇಳಿದಾಗ ಡರ್ಲೀನ್ ಮೊದಲು ನಂಬಲಿಲ್ಲ. ನಂಬಿದ ಮೇಲೆ ಬನ್ನಿನ ಮೇಲೆ ಬಗ್ಗಿ ಅಳತೊಡಗಿದಳು, ಅಳುತ್ತಲೇ ಅದನ್ನು ತಿಂದಳು. ಐದು ವರ್ಷ ಆ ಹುಡುಗನ ಬಗ್ಗೆ ಬರೆದಿದ್ದೆ, ಇನ್ನು ಅವನು ನನ್ನ ಬ್ಲಾಗಿನವನಲ್ಲ. ಆದರೂ ಅವತ್ತು ಅವನನ್ನು ಕಳೆದುಕೊಂಡಷ್ಟು ಸಂತೋಷದಿಂದ ನಾನು ಯಾರನ್ನೂ ಕಳೆದುಕೊಂಡಿಲ್ಲ.

ಕಣ್ಣೊರೆಸಿಕೊಂಡು ಡರ್ಲೀನ್ ಕೈಚೀಲ ಹೆಗಲಿಗೇರಿಸಿದಳು. "ಸಾಕು. ಚೆನ್ನಾಗಿದಾನಲ್ಲ, ಅಷ್ಟೇ ಬೇಕಿತ್ತು. ಅವ್ನು ಹೊರಗೆ ಬರೋದ್ರೊಳಗೆ ನಾನು ಹೊರಡ್ತೀನಿ."

"ಮಗನ ಮುಖ ನೋಡ್ದೇನಾ?"

"ಈ ಸಲ ದೂರ ಕೂತಿದ್ದಕ್ಕೆ ಬಚಾವಾದ. ಹೊಸ ತಂಡಕ್ಕೆ ಹೋಗೋ ಹೊತ್ನಲ್ಲಿ ಮತ್ತೆ ಅಡ್ಡ ಬರೋದು ಬೇಡ."

ಹೆದರಿದ ಮೇಲೆ ನನಗೆ ಸಿಟ್ಟು ಬೇಗ ಬರುತ್ತದೆ. "ಇನ್ನೂ ಅದೇ ರಾಗಾನಾ? ನಡೀರಿ ನನ್ಜೊತೆ," ಎಂದು ಅವಳ ತೋಳು ಹಿಡಿದು ಮೆಟ್ಟಿಲು ಹತ್ತಿಸಿದೆ. ಆಟಗಾರರು ಹೊರಬರುವ ಬಾಗಿಲು ಕಾರು ನಿಲ್ಲಿಸುವ ಜಾಗದ ಕಡೆಗಿದೆ. ಅಲ್ಲಿ ಹೋಗಿ ಬಿಸಿಲಿನಲ್ಲಿ ನಿಂತೆವು. ಅವಳು ಎರಡು ಸಲ ಓಡಿಹೋಗಲು ನೋಡಿದಳು, ಎರಡು ಸಲವೂ ಆರ್ಲೋ ಹವಾಮಾನದ ಮಾತು ತೆಗೆದು ಅಡ್ಡ ನಿಂತ.

ಬಾಗಿಲು ತೆರೆಯಿತು. ಆರೂವರೆ ಅಡಿಯ ಟೋಬಿಯಸ್ ಒದ್ದೆ ತಲೆಯಲ್ಲಿ, ಬೆನ್ನಿಗೆ ಚೀಲ ಏರಿಸಿಕೊಂಡು ಬಂದ. ಬಂದವನು ನಿಂತುಬಿಟ್ಟ.

"ಅಮ್ಮಾ? ನೀನು ಯಾವಾಗ ಬಂದೆ? ಇದ್ಯಾವ ಟೋಪಿ ಹಾಕ್ಕೊಂಡಿದೀಯ?"

"ಈಗ ಹೊರಟೆ ಕಣೋ," ಎಂದು ಡರ್ಲೀನ್ ತೊದಲಿದಳು.

ಅವಳು ಹೇಳುವುದಿಲ್ಲ ಎಂದು ಗೊತ್ತಾಗಿ ನಾನೇ ಹೇಳಿದೆ. "ನಿನ್ನ ಕಣ್ಣಿಗೆ ಬಿದ್ರೆ ಕೈ ಹೋಗುತ್ತೆ ಅಂತ ಬಚ್ಚಿಟ್ಕೊಂಡು ಕೂತಿದ್ರಪ್ಪ. ಹೋದ ವರ್ಷ ಕೈ ಹರಿದಿದ್ದೂ ಇವ್ರನ್ನ ನೋಡಿ ನೀನು ಜೋರಾಗಿ ಎಸೆದಿದ್ದಕ್ಕೇ ಅಂತೆ."

ಟೋಬಿಯಸ್‌ನ ಹೆಗಲು ಕುಸಿಯಿತು. ಚೀಲವನ್ನು ಮೆಲ್ಲಗೆ ನೆಲಕ್ಕಿಟ್ಟ. ಅಮ್ಮನನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ. "ಇವ್ರ ಮುಂದೆ ಹೇಗೆ ಹೇಳೋದು? ಬರೆದುಬಿಡ್ತಾರೆ."

"ಫೋನು ಬ್ಯಾಗಲ್ಲಿದೆ. ಬ್ಯಾಗು ನನ್ನ ಗಂಡನ ಹತ್ರ ಇದೆ. ಹೇಳು," ಎಂದೆ.

"ಅಮ್ಮಾ, ಆ ಕೈ ನೀನು ಬರೋ ಮೊದ್ಲೇ ಕೆಟ್ಟಿತ್ತು. ಏಪ್ರಿಲ್‌ನಿಂದ್ಲೇ ನೋಯ್ತಿತ್ತು. ನೀನು ಬರೋ ಹೊತ್ತಿಗೆ ನಾನು ಎಡಗೈಯಲ್ಲಿ ಹಲ್ಲುಜ್ತಿದ್ದೆ. ಹೇಳಿದ್ರೆ ತಂಡದಿಂದ ಕೈಬಿಡ್ತಾರೆ ಅಂತ ಯಾರಿಗೂ ಹೇಳ್ಲಿಲ್ಲ. ನೀನು ಬಂದಿದ್ರೂ ಅದು ಹೋಗ್ತಿತ್ತು, ಬರ್ದಿದ್ರೂ ಹೋಗ್ತಿತ್ತು. ಆ ದಿನ ನೀನಿದ್ದಿದ್ದಕ್ಕೆ ಆಸ್ಪತ್ರೇಲಿ ನನ್ಜೊತೆ ಒಬ್ರಾದ್ರೂ ಇದ್ರು."

ಆ ಏಪ್ರಿಲ್ಲಿನಲ್ಲಿ ನಾನು 'ಕೈಯಲ್ಲಿ ಹೊಸ ಚೈತನ್ಯ' ಎಂದು ಬರೆದಿದ್ದೆ. ಹೆಗಲು ಸುಳ್ಳು ಹೇಳುವುದಿಲ್ಲವಂತೆ! ಆರ್ಲೋ ನನ್ನ ಕಡೆ ಓರೆಗಣ್ಣಲ್ಲಿ ನೋಡಿದ, ನಾನು ಆಕಾಶ ನೋಡಿದೆ.

ಡರ್ಲೀನ್‌ಳ ಕುತ್ತಿಗೆಯಿಂದ ಕೆಂಪು ಮೇಲೇರುತ್ತ ಬಂತು.

"ಏಪ್ರಿಲ್‌ನಿಂದಾನಾ?"

"ಹೂಂನಮ್ಮ."

"ನಾನು ಒಂದು ವರ್ಷದ ಮೇಲೆ ನನ್ನಿಂದ್ಲೇ ಅಂತ ಕೊರಗಿದೀನಿ! ನೀನು ಮತ್ತೆ ಆಡೋಕೆ ಬಂದ್ಮೇಲೂ ಆಟ ಶುರು ಆದ್ರೆ ಸಾಕು, ಮನೆಯಿಂದ ಎದ್ದು ಹೊಲಕ್ಕೆ ಹೋಗಿ ನಿಲ್ತಿದ್ದೆ! ನಿಮ್ಮಪ್ಪ ಬಂದು ಕರೆಯೋವರೆಗೆ ಒಳಗೆ ಕಾಲಿಡ್ತಿರ್ಲಿಲ್ಲ! ಒಂದು ಮಾತು ಹೇಳೋಕೆ ನಿನಗೇನಾಗಿತ್ತೋ ಕತ್ತೆ?" ಎಂದು ಎದುರಾಳಿಗಳ ಟೋಪಿ ಕಿತ್ತು ಬಿಸಾಡಿ, ಮಗನ ತೋಳಿಗೆ ಫಟಾರನೆ ಒಂದು ಬಿಟ್ಟಳು. ಆ ಆರೂವರೆ ಅಡಿ ತಲೆ ತಗ್ಗಿಸಿ ಪೆಟ್ಟು ತಿಂದಿತು.

ಹೊಡೆದವಳು ಅಲ್ಲೇ ಗರ ಬಡಿದಂತೆ ನಿಂತಳು. ಮುಖ ಬಿಳಿಚಿಕೊಂಡಿತು.

"ಯಾವ ಕೈಗೆ ಹೊಡೆದೆ?"

"ಎಡಗೈಗೆ ಅಮ್ಮಾ."

"ಸದ್ಯ," ಎಂದು ಉಸಿರು ಬಿಟ್ಟು, ಡರ್ಲೀನ್ ಅದೇ ಕೈಗೆ ಇನ್ನೊಂದು ಬಿಟ್ಟಳು.